ನಾಮದ ಚಿಲುಮೆಯಿಂದ ದುರ್ಗದ ನೆತ್ತಿಗೆ: ದೇವರಾಯನದುರ್ಗದ ಕಿರುನಡಿಗೆಗಳು ಹೇಗಿವೆ?

ತುಮಕೂರಿನಿಂದ ಸುಮಾರು 15 ಕಿ.ಮೀ., ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ದೇವರಾಯನದುರ್ಗಕ್ಕೆ ಬರುವವರಲ್ಲಿ ಹೆಚ್ಚಿನವರು ನರಸಿಂಹಸ್ವಾಮಿಯ ದರ್ಶನಕ್ಕೆಂದು ಬರುತ್ತಾರೆ. ಉಳಿದವರು ಕಾರಿನಲ್ಲಿಯೇ ಬೆಟ್ಟವೇರಿ, ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಇಳಿಯುವಾಗ ನಾಮದ ಚಿಲುಮೆಯಲ್ಲಿ ಜಿಂಕೆಗಳನ್ನು ನೋಡಿ, ಊಟದ ಹೊತ್ತಿಗೆ ಹೆದ್ದಾರಿಗೆ ಮರಳುತ್ತಾರೆ. ಈ ಎರಡು ಗುಂಪಿಗೂ ಸೇರದೆ, ಕಾಡಿನಲ್ಲಿ ಒಂದೆರಡು ಗಂಟೆ ನಡೆಯಬೇಕು, ಆದರೆ ಚಾರಣದ ದೊಡ್ಡ ಸಿದ್ಧತೆ ಬೇಡ ಎನ್ನುವವರಿಗೆ ಈ ತಾಣ ಎಷ್ಟರ ಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ತೂಗಿ ನೋಡುವುದು ನನ್ನ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದೇವರಾಯನದುರ್ಗದಲ್ಲಿ ನೋಡಬೇಕಾದದ್ದು ನೆತ್ತಿಯ ನೋಟಕ್ಕಿಂತ ಹೆಚ್ಚಾಗಿ ಬುಡದ ಕಾಡು. ಆ ಕಾಡು ಕಾರಿನ ಕಿಟಕಿಯಿಂದ ಕಾಣುವುದಿಲ್ಲ.

ದೇವರಾಯನದುರ್ಗದ ರಾಜ್ಯ ಅರಣ್ಯದ ವಿಸ್ತೀರ್ಣ ಸುಮಾರು 42 ಚದರ ಕಿ.ಮೀ. ಇದರ ಬಹುಭಾಗ ಸಾರ್ವಜನಿಕರ ಓಡಾಟಕ್ಕೆ ತೆರೆದಿಲ್ಲ, ತೆರೆದಿರಬೇಕಾಗಿಯೂ ಇಲ್ಲ. ಸಾಮಾನ್ಯ ಪ್ರವಾಸಿಗೆ ದಕ್ಕುವುದು ಮೂರು ತುಣುಕುಗಳು: ನಾಮದ ಚಿಲುಮೆಯ ಸುತ್ತಲಿನ ನೆರಳಿನ ಆವರಣ, ಅಲ್ಲಿಂದ ದುರ್ಗದ ಕಡೆಗೆ ಕಾಡಿನ ನಡುವೆ ಸಾಗುವ ರಸ್ತೆ, ಹಾಗೂ ಭೋಗನರಸಿಂಹನ ಗುಡಿಯಿಂದ ಯೋಗನರಸಿಂಹನ ಗುಡಿಗೆ ಏರುವ ಮೆಟ್ಟಿಲ ಹಾದಿ. ಮೂರನ್ನೂ ಒಂದೇ ಅರ್ಧ ದಿನದಲ್ಲಿ ಮುಗಿಸಬಹುದು. ಯಾವುದೂ ದೀರ್ಘವಲ್ಲ, ಯಾವುದಕ್ಕೂ ಹಗ್ಗ, ಡೇರೆ, ಬೆನ್ನ ಮೇಲಿನ ಭಾರೀ ಚೀಲ ಬೇಕಿಲ್ಲ. ಆದರೆ ಮೂರರ ಸ್ವಭಾವವೂ ಬೇರೆ ಬೇರೆ, ಮತ್ತು ಯಾವುದನ್ನು ಯಾವ ಹೊತ್ತಿನಲ್ಲಿ ನಡೆಯುತ್ತೀರಿ ಎಂಬುದರ ಮೇಲೆ ಇಡೀ ದಿನದ ಅನುಭವ ನಿಂತಿದೆ.

ತಲುಪುವ ದಾರಿಗಳು ಎರಡು. ಬೆಂಗಳೂರಿನಿಂದ ತುಮಕೂರು ಹೆದ್ದಾರಿಯಲ್ಲಿ ಬಂದು ದಾಬಸ್‌ಪೇಟೆಯ ಬಳಿ ತಿರುಗಿ ಊರ್ಡಿಗೆರೆಯ ಮೂಲಕ ದುರ್ಗ ಸೇರುವುದು ಒಂದು. ಕ್ಯಾತ್ಸಂದ್ರದವರೆಗೂ ಬಂದು ಅಲ್ಲಿಂದ ನಾಮದ ಚಿಲುಮೆಯ ಕಡೆಗೆ ಒಳದಾರಿ ಹಿಡಿಯುವುದು ಇನ್ನೊಂದು. ನಡೆಯುವ ಉದ್ದೇಶದಿಂದ ಬರುವವರಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಇದರಿಂದ ಮೊದಲು ಕಾಡು, ಆಮೇಲೆ ಬೆಟ್ಟ ಎಂಬ ಸರಿಯಾದ ಕ್ರಮ ತಾನಾಗಿಯೇ ಒದಗುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೆಸರು ಗೊತ್ತಿಲ್ಲದವರು ಈ ಭಾಗದಲ್ಲಿ ಯಾರೂ ಇಲ್ಲ. ಬೆಳಗಿನ ತಿಂಡಿಯನ್ನು ಅಲ್ಲಿಯೇ ಮುಗಿಸಿಕೊಳ್ಳುವುದು ರುಚಿಯ ದೃಷ್ಟಿಯಿಂದ ಮಾತ್ರವಲ್ಲ, ಮುಂದೆ ನಡಿಗೆಯ ಹೊತ್ತಿನಲ್ಲಿ ತಿನಿಸಿನ ಪೊಟ್ಟಣ ಬಿಚ್ಚಿ ಕೋತಿಗಳನ್ನು ಕರೆದುಕೊಳ್ಳದಿರುವ ದೃಷ್ಟಿಯಿಂದಲೂ ಒಳ್ಳೆಯದು. ಸ್ವಂತ ವಾಹನವಿಲ್ಲದವರು ರೈಲಿನಲ್ಲಿ ಇಲ್ಲವೇ ಬಸ್ಸಿನಲ್ಲಿ ತುಮಕೂರಿಗೆ ಬಂದು ಅಲ್ಲಿಂದ ದುರ್ಗದ ಬಸ್ಸು ಹಿಡಿಯಬಹುದು. ಆದರೆ ಆ ಬಸ್ಸುಗಳು ಪದೇ ಪದೇ ಇಲ್ಲ. ಹಿಂತಿರುಗುವ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ನಿರ್ವಾಹಕರಲ್ಲಿ ಕೇಳಿಟ್ಟುಕೊಳ್ಳುವುದು ಜಾಣತನ.

ಮೊದಲು ನಾಮದ ಚಿಲುಮೆ. ವನವಾಸದ ಕಾಲದಲ್ಲಿ ಶ್ರೀರಾಮ ಇಲ್ಲಿ ತಂಗಿದ್ದಾಗ ಹಣೆಗೆ ನಾಮವಿಡಲು ನೀರು ಸಿಗದೆ ಬಂಡೆಗೆ ಬಾಣ ಹೂಡಿದನೆಂದೂ, ಬಾಣ ನಾಟಿದ ಕಡೆ ನೀರು ಚಿಮ್ಮಿತೆಂದೂ ಸ್ಥಳಪುರಾಣ ಹೇಳುತ್ತದೆ. ಕಲ್ಲಿನ ಪುಟ್ಟ ಕುಳಿಯಲ್ಲಿ ಇಂದಿಗೂ ನೀರು ಒಸರುತ್ತಿರುತ್ತದೆ. ಹೊಸಬರಿಗೆ ಇದನ್ನು ನೋಡಿದಾಗ ಮೊದಲು ನಿರಾಸೆಯಾಗಬಹುದು, ಏಕೆಂದರೆ ಕಾರಂಜಿಯನ್ನು ನಿರೀಕ್ಷಿಸಿ ಬಂದವರ ಕಣ್ಣಿಗೆ ಬೀಳುವುದು ಬೊಗಸೆ ಹಿಡಿಯುವಷ್ಟು ನೀರು. ಆದರೆ ಸುತ್ತಲಿನ ಕಾಡೆಲ್ಲ ಒಣಗಿ ನಿಂತಿರುವ ದಿನಗಳಲ್ಲಿಯೂ ಈ ಕುಳಿಯಲ್ಲಿ ನೀರಿರುವುದನ್ನು ಕಂಡಾಗ ಅದರ ಬೆಲೆ ತಿಳಿಯುತ್ತದೆ. ರಾಮನಗರದ ಕಡೆಯಿಂದ ಮಾಗಡಿ, ಶಿವಗಂಗೆಗಳನ್ನು ಹಾದು ಮಧುಗಿರಿ, ಪಾವಗಡಗಳತ್ತ ಸಾಗುವ ಗ್ರಾನೈಟ್ ಪಟ್ಟಿಯ ಬೆಟ್ಟಗಳಲ್ಲಿ ಮಳೆಯ ನೀರು ಬಂಡೆಯ ಬಿರುಕುಗಳಲ್ಲಿಯೂ ಬಂಡೆಯ ಮೇಲಿನ ಸವೆದ ಮಣ್ಣಿನ ಪದರದಲ್ಲಿಯೂ ನಿಧಾನವಾಗಿ ಇಳಿದು, ತಗ್ಗಿನಲ್ಲಿ ಎಲ್ಲಿಯಾದರೂ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ. ಮೇಲಿನ ಇಳಿಜಾರಿನಲ್ಲಿ ಮರಗಳು ನಿಂತಿರುವವರೆಗೆ ಮಾತ್ರ ಇಂಥ ಒರತೆಗಳು ಬದುಕಿರುತ್ತವೆ. ಪುರಾಣವನ್ನು ನಂಬುವವರಿಗೂ ನಂಬದವರಿಗೂ ಈ ಕಾಡನ್ನು ಕಾಯಲು ಇಷ್ಟು ಕಾರಣ ಸಾಕು.

ಚಿಲುಮೆಯ ಎದುರಿಗೇ ಬೇಲಿಯೊಳಗೆ ಚುಕ್ಕೆ ಜಿಂಕೆಗಳಿವೆ. ಮಕ್ಕಳಿಗೆ ಅದೇ ಮುಖ್ಯ ಆಕರ್ಷಣೆ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವ ಮನಸ್ಸಾಗುವುದಿಲ್ಲ. ಬೇಲಿಗೆ ಬೆನ್ನು ಹಾಕಿ, ದೊಡ್ಡ ಮರಗಳ ಕೆಳಗಿನ ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿದರೆ ಅರ್ಧ ಗಂಟೆಯಲ್ಲಿಯೇ ಇಲ್ಲಿನ ಕಾಡಿನ ಪಾಠ ಶುರುವಾಗುತ್ತದೆ. ಮಂಡಿ ನೋವಿನ ಹಿರಿಯರಿಗೂ, ಆಗತಾನೆ ನಡೆಯಲು ಕಲಿತ ಮಕ್ಕಳಿಗೂ ಒಪ್ಪುವ ನಡಿಗೆ ಇದೊಂದೇ. ಆಗಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿಯವರು ಇಲ್ಲಿನ ಹಳೆಯ ಬಂಗಲೆಯಲ್ಲಿ ಕೆಲಕಾಲ ತಂಗಿದ್ದರೆಂಬ ಮಾತು ಈ ಭಾಗದಲ್ಲಿ ಬಹಳ ಹಿಂದಿನಿಂದ ಇದೆ. ಬೆಳಗಿನ ಮೊದಲ ಗಂಟೆಯಲ್ಲಿ ಇಲ್ಲಿ ಬಂದು ನಿಂತವರಿಗೆ ಆ ಮಾತನ್ನು ನಂಬಲು ಕಷ್ಟವೇನೂ ಆಗದು. ಮರಕುಟಿಗಗಳ ಕುಟ್ಟುವ ಸದ್ದು, ನವಿಲಿನ ಕೂಗು, ಹೆಸರು ಗೊತ್ತಿಲ್ಲದ ಹತ್ತಾರು ಚಿಲಿಪಿಲಿಗಳು ಒಟ್ಟಿಗೇ ಕೇಳುತ್ತವೆ. ಒಂಬತ್ತು ಗಂಟೆಯ ಮೇಲೆ, ಅದರಲ್ಲಿಯೂ ಭಾನುವಾರ, ಇದೇ ಜಾಗದಲ್ಲಿ ಕೇಳುವುದು ಕಾರಿನ ಬಾಗಿಲುಗಳ ಸದ್ದು ಮಾತ್ರ.

ಇನ್ನು ಕಾಡಿನ ವಿಚಾರ. ದೇವರಾಯನದುರ್ಗವನ್ನು ಬೆಂಗಳೂರಿನ ಸುತ್ತಲಿನ ಉಳಿದ ಬೆಟ್ಟಗಳಿಂದ ಬೇರೆಯಾಗಿ ನಿಲ್ಲಿಸುವುದು ಇಲ್ಲಿನ ಜಾಲಾರಿ ಮರಗಳು. ಜಾಲ ಎಂದೂ ಕರೆಯುವ ಈ ಮರ ಉತ್ತರ ಭಾರತದ ಸಾಲ ವೃಕ್ಷದ ಹತ್ತಿರದ ಬಂಧು. ದಕ್ಷಿಣದ ಒಣ ಬೆಟ್ಟಗಳಲ್ಲಿ ಅಲ್ಲಲ್ಲಿ ಬೆಳೆಯುತ್ತದಾದರೂ, ಕಣ್ಣು ಹಾಯಿಸಿದಷ್ಟು ದೂರವೂ ಜಾಲಾರಿಯೇ ಕಾಣುವಂಥ ಕಾಡುಗಳು ನಮ್ಮಲ್ಲಿ ಈಗ ವಿರಳ. ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆಯುದುರಿಸಿ ನಿಂತ ಕೊಂಬೆಗಳ ತುಂಬ ತಿಳಿ ಹಳದಿಯ ಸಣ್ಣ ಹೂಗಳು ಗೊಂಚಲುಗಟ್ಟಿ ಬಿಡುತ್ತವೆ. ಆಗ ಕಾಡಿನ ರಸ್ತೆಯಲ್ಲಿ ನಡೆಯುತ್ತಿರುವವರಿಗೆ ಮರ ಕಾಣುವುದಕ್ಕೆ ಮೊದಲೇ ಪರಿಮಳ ಸಿಗುತ್ತದೆ. ಹೂವಿನ ಬೆನ್ನಿಗೇ ಬರುವ ಕಾಯಿಗಳಿಗೆ ರೆಕ್ಕೆಗಳಿರುತ್ತವೆ, ಮೂರು ಉದ್ದ, ಎರಡು ಗಿಡ್ಡ. ಬೀಸುಗಾಳಿಗೆ ಕಳಚಿಕೊಂಡು ಬುಗುರಿಯಂತೆ ತಿರುಗುತ್ತ ಇಳಿಯುವ ಇವನ್ನು ಮಕ್ಕಳ ಅಂಗೈಗೆ ಇಟ್ಟುಕೊಟ್ಟರೆ ಜಿಂಕೆಗಳನ್ನು ಮರೆತುಬಿಡುತ್ತಾರೆ. ಹಿಂದೆ ಮೈಸೂರು ಸೀಮೆಯಲ್ಲಿ ಅರಗಿನ ಹುಳುವನ್ನು ಸಾಕುತ್ತಿದ್ದುದು ಈ ಮರದ ಮೇಲೆಯೇ. ಇಂದು ಆ ಕಸುಬು ಹಿಂದೆ ಸರಿದಿದೆ, ಮರ ಉಳಿದಿದೆ.

ಜಾಲಾರಿಯ ನಡುವೆ ದಿಂಡಿಗ, ಮತ್ತಿ, ಹೊನ್ನೆ, ನೆಲ್ಲಿ, ಕಕ್ಕೆ, ಮುತ್ತುಗಗಳು ಬೆರೆತಿವೆ. ಕಾರೆ, ಎಲಚಿ, ಸೀಗೆಯ ಪೊದೆಗಳು ಕೆಳಹಂತವನ್ನು ತುಂಬಿವೆ, ಜೊತೆಗೆ ನಮ್ಮ ಒಣ ಕಾಡುಗಳನ್ನೆಲ್ಲ ಆವರಿಸಿಕೊಂಡಿರುವ ಲಂಟಾನವೂ ಧಾರಾಳವಾಗಿದೆ. ಲಂಟಾನದ ಹೂವಿನ ಮೇಲೆ ಚಿಟ್ಟೆಗಳು ಮುತ್ತುವುದನ್ನು ನೋಡಿ ಅದನ್ನು ಮೆಚ್ಚಿಕೊಳ್ಳುವವರಿದ್ದಾರೆ; ನೆಲದಲ್ಲಿ ಹುಲ್ಲು ಏಳಗೊಡದ, ಸಸಿಗಳನ್ನು ಉಸಿರುಗಟ್ಟಿಸುವ, ಬೇಸಿಗೆಯಲ್ಲಿ ಬೆಂಕಿಗೆ ಮೇವಾಗುವ ಈ ಪೊದೆಯನ್ನು ಮೆಚ್ಚಲು ನನಗಂತೂ ಸಾಧ್ಯವಾಗಿಲ್ಲ. ಎಲೆಯುದುರುವ ಕಾಡು ಎಂದರೇನು ಎಂಬುದನ್ನು ಒಂದೇ ಜಾಗದಲ್ಲಿ ಕಲಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ಶಾಲೆ ಬೆಂಗಳೂರಿನ ಅರ್ಧ ದಿನದ ಹಾದಿಯಲ್ಲಿ ಸಿಗಲಾರದು. ಮಲೆನಾಡಿನ ನಿತ್ಯಹಸುರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರ್ಚಿ ತಿಂಗಳಲ್ಲಿ ಇಲ್ಲಿಗೆ ಬಂದು, ಕಾಡು ಒಣಗಿಹೋಗಿದೆ, ಸತ್ತಿದೆ ಎಂದು ಬರೆಯುವ ವಿಮರ್ಶೆಗಳನ್ನು ನಾನು ಓದಿದ್ದೇನೆ. ಎಲೆಯುದುರಿಸುವುದು ಈ ಮರಗಳು ನೀರು ಉಳಿಸಿಕೊಳ್ಳುವ ಬಗೆ. ಅದನ್ನು ತಾಣದ ಕೊರತೆಯೆಂದು ಅಂಕ ಕಳೆಯುವುದು ನ್ಯಾಯವಲ್ಲ.

ನಾಮದ ಚಿಲುಮೆಯಿಂದ ದುರ್ಗದ ಕಡೆಗೆ ಸಾಗುವ ರಸ್ತೆಯನ್ನು ಪೂರ್ತಿ ನಡೆಯಬೇಕೆಂದೇನೂ ಇಲ್ಲ. ಒಂದೆರಡು ಕಿಲೋಮೀಟರ್ ಹೋಗಿ ಹಿಂತಿರುಗಿದರೂ ಸಾಕು. ಟಾರು ರಸ್ತೆಯಲ್ಲಿ ನಡೆಯುವುದು ಕಾಡುನಡಿಗೆ ಹೇಗಾದೀತು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹುಲ್ಲಿನ ಕಾಲುದಾರಿಯಲ್ಲಿ ಕಣ್ಣು ನೆಲದ ಮೇಲಿರುತ್ತದೆ, ಇಲ್ಲಿ ಕಣ್ಣು ಮರದ ಮೇಲಿರುತ್ತದೆ. ತಿರುವುಗಳಲ್ಲಿ ವಾಹನಗಳು ವೇಗವಾಗಿ ಬರುವುದುಂಟು, ಆದ್ದರಿಂದ ಎದುರು ಬರುವ ವಾಹನ ಕಾಣುವಂತೆ ಬಲಬದಿಯ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರಾಗಿ ನಡೆಯಬೇಕು. ರಸ್ತೆಯಂಚಿನ ಮಣ್ಣಿನಲ್ಲಿ ಅಲ್ಲಲ್ಲಿ ಗೆದ್ದಲ ಹುತ್ತವನ್ನು ಬಗೆದ ಗುಂಡಿಗಳು, ಎಲಚಿ ಇಲ್ಲವೇ ಕಕ್ಕೆಯ ಬೀಜ ತುಂಬಿದ ಲದ್ದಿ ಕಂಡರೆ ಅದು ಕರಡಿಯ ಗುರುತು. ಈ ಕಾಡಿನಲ್ಲಿ ಕರಡಿಗಳೂ ಚಿರತೆಗಳೂ ಇವೆ; ಸಂಜೆಯಿಂದ ಬೆಳಗಿನ ಜಾವದವರೆಗಿನ ಹೊತ್ತು ಅವುಗಳದು. ಸೂರ್ಯ ಚೆನ್ನಾಗಿ ಮೇಲೇರಿದ ಮೇಲೆ ನಡಿಗೆ ಆರಂಭಿಸಿ, ಸಂಜೆ ಬೆಳಕು ಕುಂದುವ ಮೊದಲೇ ವಾಹನ ಸೇರಿಕೊಳ್ಳುವುದು ಹೇಡಿತನವಲ್ಲ, ಅದು ಈ ಜಾಗದ ನಿಯಮ. ರಸ್ತೆಯಿಂದ ಕವಲೊಡೆಯುವ ಕಾಲುದಾರಿಗಳು ಎಷ್ಟೇ ಕರೆದರೂ ಅನುಮತಿಯಿಲ್ಲದೆ ಒಳಹೋಗಬಾರದು. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದ ಪ್ರವೇಶ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಮರಿಗಳೊಂದಿಗಿರುವ ತಾಯಿ ಕರಡಿ ಕಾಯ್ದೆಯನ್ನು ಓದಿಕೊಂಡಿರುವುದಿಲ್ಲ.

ಹಕ್ಕಿ ನೋಡುವವರು ಇಲ್ಲಿಗೆ ದೂರದೂರದಿಂದ ಬರುವುದು ಒಂದು ಹಕ್ಕಿಗಾಗಿ, ಹಳದಿ ಕೊರಳಿನ ಪಿಕಳಾರಕ್ಕಾಗಿ. ದಕ್ಷಿಣ ಭಾರತದ ಬಂಡೆ ಬೆಟ್ಟಗಳ ಕುರುಚಲಿನಲ್ಲಿ ಮಾತ್ರ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲದೆ, ಬದುಕುವ ಈ ಹಕ್ಕಿಯನ್ನು ಅಪಾಯದ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಲಾಗಿದೆ. ಬೆಟ್ಟಗಳಲ್ಲಿ ಕಲ್ಲು ಗಣಿಗಾರಿಕೆ ಹೆಚ್ಚಿದಂತೆ ಅದರ ನೆಲೆಗಳು ಕುಗ್ಗಿವೆ. ತಲೆ ಹಾಗೂ ಕೊರಳು ಹಳದಿ, ಮೈ ಬೂದು ಹಸಿರು. ಹಾಡನ್ನು ಕೇಳುವುದು ಸುಲಭ, ಹಕ್ಕಿಯನ್ನು ಕಾಣುವುದು ಕಷ್ಟ. ಬಂಡೆಗಳ ನಡುವಿನ ಪೊದೆಯಲ್ಲಿ ಹಣ್ಣು ತಿನ್ನುತ್ತ, ಕ್ಷಣ ಮಾತ್ರ ಕಾಣಿಸಿಕೊಂಡು ಇನ್ನೊಂದು ಪೊದೆಗೆ ಹಾರಿ ಮರೆಯಾಗುತ್ತದೆ. ಇದನ್ನು ನೋಡಲೇಬೇಕೆಂಬ ಹಟದಿಂದ ಮೊಬೈಲಿನಲ್ಲಿ ಅದರ ದನಿಯನ್ನು ಮತ್ತೆ ಮತ್ತೆ ನುಡಿಸಿ ಕರೆಯುವವರನ್ನು ಈಚೆಗೆ ಹೆಚ್ಚಾಗಿ ಕಾಣುತ್ತೇವೆ; ಮರಿ ಮಾಡುವ ಕಾಲದಲ್ಲಿ ಹಕ್ಕಿಯನ್ನು ಹೀಗೆ ಇಲ್ಲದ ಎದುರಾಳಿಯ ಮೇಲೆ ಛೂ ಬಿಡುವುದು ಅದಕ್ಕೆ ಹಿಂಸೆ. ಬೆಟ್ಟದ ಮೆಟ್ಟಿಲ ಹಾದಿಯಲ್ಲಿ ಸುಮ್ಮನೆ ಹತ್ತು ನಿಮಿಷ ಕುಳಿತರೆ ಸಿಗುವ ಅವಕಾಶವೇನೂ ಕಡಿಮೆಯಲ್ಲ. ಚಳಿಗಾಲದಲ್ಲಿ ಉದ್ದ ಬಾಲದ ರಾಜಹಕ್ಕಿ, ಅದೃಷ್ಟವಿದ್ದರೆ ತರಗೆಲೆ ಕೆದಕುತ್ತಿರುವ ನವರಂಗ, ಬಂಡೆಗಳ ಮೇಲೆ ಸುತ್ತುವ ಹಾವುಗಿಡುಗ, ಇವೆಲ್ಲ ಹೆಚ್ಚುವರಿ ಲಾಭ.

ಮೂರನೆಯ ತುಣುಕು ಮೆಟ್ಟಿಲ ಹಾದಿ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಆದರೆ ನಡಿಗೆ ಆರಂಭವಾಗುವ ಊರೇ ಸಾಕಷ್ಟು ಮೇಲಿರುವುದರಿಂದ ಏರಬೇಕಾದದ್ದು ಈ ಸಂಖ್ಯೆ ಹೆದರಿಸುವಷ್ಟಿಲ್ಲ. ಕೆಳಗೆ ಊರಿನ ಮಗ್ಗುಲಲ್ಲಿ ಭೋಗನರಸಿಂಹನ ಗುಡಿ, ಮೇಲೆ ಯೋಗನರಸಿಂಹನ ಗುಡಿ; ನಡುವೆ ಬಂಡೆಗಳ ಸಂದಿಯಲ್ಲಿ, ಹಳೆಯ ಕೋಟೆಯ ಕುರುಹುಗಳ ಪಕ್ಕದಲ್ಲಿ ಮೆಟ್ಟಿಲುಗಳು ಏರುತ್ತವೆ. ಕರಿಗಿರಿ ಎಂದು ಕ್ಷೇತ್ರಮಹಿಮೆಯಲ್ಲಿ ಹೆಸರಾದ ಈ ಬೆಟ್ಟ ಜಡಕನೆಂಬ ಪಾಳೆಯಗಾರನ ಕೈಯಲ್ಲಿದ್ದಾಗ ಜಡಕನದುರ್ಗವಾಗಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಅವರ ಹೆಸರು ಬೆಟ್ಟಕ್ಕೆ ಬಂತು. ಕೋಟೆಯ ಗೋಡೆಗಳನ್ನು ನೋಡಲೆಂದೇ ಬರುವಷ್ಟು ಉಳಿದಿಲ್ಲ, ಏದುಸಿರು ಬಿಡುತ್ತ ನಿಂತಾಗ ಒರಗಿಕೊಳ್ಳಲು ಸಾಕು.

ಈ ಹಾದಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ನೆರಳು ಅಲ್ಲಲ್ಲಿ ಮಾತ್ರ ಇದೆ, ಮತ್ತು ಬೆಳಿಗ್ಗೆ ಹತ್ತರ ಮೇಲೆ ಬಂಡೆ ಕಾಯತೊಡಗಿದರೆ ಕಾಲಿನ ಕೆಳಗಿನಿಂದಲೂ ತಲೆಯ ಮೇಲಿನಿಂದಲೂ ಬಿಸಿ ಒಟ್ಟಿಗೇ ಬರುತ್ತದೆ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಗುಡಿಯ ಪ್ರಾಂಗಣದಲ್ಲಿ ಪಾದರಕ್ಷೆ ಬಿಡಲೇಬೇಕಾದ್ದರಿಂದ ಕಟ್ಟಿ ಬಿಚ್ಚಲು ಸುಲಭವಾದ, ಅಡಿಭಾಗ ಚೆನ್ನಾಗಿ ಹಿಡಿಯುವ ಬೂಟು ಹಾಕಿಕೊಳ್ಳುವುದು ಲೇಸು. ಕೋತಿಗಳ ಕಾಟ ಇಲ್ಲಿ ಮಾಮೂಲು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಅದರಲ್ಲಿ ಹಣ್ಣುಕಾಯಿ ಇದೆಯೋ ಔಷಧಿ ಇದೆಯೋ ಎಂದು ಅವು ವಿಚಾರಿಸುವುದಿಲ್ಲ. ಪೂಜಾ ಸಾಮಾನು ಒಯ್ಯುವವರು ಅದನ್ನು ಮುಚ್ಚುವ ಬಟ್ಟೆಯ ಚೀಲದಲ್ಲಿಟ್ಟು ಬೆನ್ನಿಗೆ ಹಾಕಿಕೊಳ್ಳಬೇಕು. ಈ ಸ್ವಭಾವ ಕೋತಿಗಳಿಗೆ ಹುಟ್ಟಿನಿಂದ ಬಂದದ್ದಲ್ಲ. ಬಿಸ್ಕತ್ತು ಎಸೆದು ನಗುವ ನಮ್ಮವರೇ ಕಲಿಸಿದ್ದು. ಕಾಡಿನಲ್ಲಿ ಹಣ್ಣು, ಚಿಗುರು, ಹುಳುಹುಪ್ಪಟೆ ಆರಿಸಿ ತಿನ್ನಬೇಕಾದ ಪ್ರಾಣಿ ಮೆಟ್ಟಿಲ ಬದಿಯಲ್ಲಿ ಭಿಕ್ಷೆಗೆ ಕೂರುವಂತಾಗಿರುವುದನ್ನು ನೋಡಿದಾಗ ಅದರ ಮೇಲೆ ಸಿಟ್ಟು ಬರುವುದಿಲ್ಲ.

ಮೇಲೆ ತಲುಪಿದ ಮೇಲೆ ಸಿಗುವ ನೋಟವನ್ನು ನಾನು ಕಡೆಗಣಿಸುತ್ತಿಲ್ಲ. ಮಳೆ ತೊಳೆದ ದಿನದಲ್ಲಿ ದಕ್ಷಿಣಕ್ಕೆ ಶಿವಗಂಗೆಯ ಮೊನಚು ಕಾಣುತ್ತದೆ, ಒಂದು ಬದಿಗೆ ತುಮಕೂರು ಹರಡಿಕೊಂಡಿರುತ್ತದೆ, ಉತ್ತರಕ್ಕೆ ಬೆಟ್ಟಗಳ ಹಿಂದೆ ಬೆಟ್ಟಗಳು. ಆದರೆ ಅಲ್ಲಿ ನಿಂತಾಗ ತಿಳಿದಿರಬೇಕಾದ ಸಂಗತಿಯೊಂದನ್ನು ಯಾವ ಸೆಲ್ಫಿಯೂ ಹೇಳುವುದಿಲ್ಲ. ದೇವರಾಯನದುರ್ಗದ ಬೆಟ್ಟಗಳು ನೀರನ್ನು ಎರಡಾಗಿ ಹಂಚುವ ದಿಣ್ಣೆ. ಇಲ್ಲಿ ಹುಟ್ಟುವ ಶಿಂಷಾ ತೆಂಕಣಕ್ಕೆ ತಿರುಗಿ, ಮದ್ದೂರಿನ ಮೂಲಕ ಸುಮಾರು 221 ಕಿ.ಮೀ. ಹರಿದು ಕಾವೇರಿಯನ್ನು ಸೇರುತ್ತದೆ. ಇಲ್ಲಿಯೇ ಹುಟ್ಟುವ ಜಯಮಂಗಲಿ ಬಡಗಣಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಮೋಡದ ಮಳೆಯಲ್ಲಿ ಒಂದು ಪಾಲು ತಮಿಳುನಾಡಿನ ಕಡಲ ತೀರಕ್ಕೆ, ಇನ್ನೊಂದು ಪಾಲು ಆಂಧ್ರದ ಕಡಲ ತೀರಕ್ಕೆ ಹೊರಡುವುದು ಈ ಬಂಡೆಗಳ ಮೇಲಿಂದ. ಬೆಟ್ಟದ ಮೇಲಿನ ತೀರ್ಥಗಳನ್ನು ನೋಡುವಾಗ ಇದು ನೆನಪಿದ್ದರೆ ಹತ್ತಿದ ಶ್ರಮಕ್ಕೆ ಬೇರೆಯೇ ಅರ್ಥ ಬರುತ್ತದೆ. ಹತ್ತಲಾರದವರಿಗೆ ಮೇಲಿನ ಗುಡಿಯ ಸಮೀಪದವರೆಗೂ ವಾಹನದ ರಸ್ತೆಯಿದೆ. ಹತ್ತಬಲ್ಲವರು ಮನೆಯ ಹಿರಿಯರನ್ನು ವಾಹನದಲ್ಲಿ ಕಳುಹಿಸಿ, ತಾವು ಮೆಟ್ಟಿಲಿನಲ್ಲಿ ಬಂದು ಕೂಡಿಕೊಳ್ಳಬಹುದು.

ಬೆಂಗಳೂರಿನ ಸುತ್ತಣ ಇತರ ಬೆಟ್ಟಗಳೊಂದಿಗೆ ಹೋಲಿಸಿದರೆ ಇದರ ಸ್ಥಾನ ಸ್ಪಷ್ಟವಾಗುತ್ತದೆ. ಶಿವಗಂಗೆ ಇದಕ್ಕಿಂತ ಎತ್ತರ, ಅದರ ಕೊನೆಯ ಏರು ಎದೆಗಾರಿಕೆ ಬೇಡುತ್ತದೆ. ಕಾಲಿನ ಕಸುವು ಪರೀಕ್ಷಿಸಿಕೊಳ್ಳಬೇಕೆನ್ನುವವರು ಅಲ್ಲಿಗೆ ಹೋಗಲಿ. ಸಾವನದುರ್ಗದ ಏಕಶಿಲೆಯ ಮೈಯೇರುವುದು ಇನ್ನೂ ಕಠಿಣ, ಅಲ್ಲಿ ಬಿಸಿಲಿನಿಂದ ಮುಚ್ಚಿಕೊಳ್ಳಲು ಜಾಗವಿಲ್ಲ. ನಂದಿಬೆಟ್ಟದಲ್ಲಿ ತಂಪು, ಸೌಕರ್ಯ ಎರಡೂ ಹೆಚ್ಚು, ಜನಸಂದಣಿಯೂ ಅಷ್ಟೇ ಹೆಚ್ಚು. ಇವುಗಳ ನಡುವೆ ದೇವರಾಯನದುರ್ಗ ಏರುವ ಬೆಟ್ಟವೆಂಬ ನೆಲೆಯಲ್ಲಿ ಸಾಧಾರಣ. ನಡೆಯುವ ಕಾಡೆಂಬ ನೆಲೆಯಲ್ಲಿ ಮಾತ್ರ ಎಲ್ಲಕ್ಕಿಂತ ಮುಂದು. ಇದನ್ನು ತಿಳಿಯದೆ ಬಂದವರು ನಿರಾಸೆಗೊಳ್ಳುತ್ತಾರೆ.

ಕೊರತೆಗಳೂ ಇವೆ. ಎಲ್ಲಕ್ಕಿಂತ ದೊಡ್ಡದು ಕಸ. ನಾಮದ ಚಿಲುಮೆಯಿಂದ ಮೇಲಕ್ಕೆ ರಸ್ತೆಯಂಚಿನ ತಗ್ಗುಗಳಲ್ಲಿ ನೀರಿನ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ, ಒಡೆದ ಗಾಜು ಕಾಣದ ದಿನವಿಲ್ಲ. ಒಡೆದ ಗಾಜು ಕಾಡುಪ್ರಾಣಿಯ ಪಾದಕ್ಕೂ ದನ ಮೇಯಿಸುವವರ ಪಾದಕ್ಕೂ ಒಂದೇ. ವಾರದ ಕೊನೆಯ ದಿನಗಳಲ್ಲಿ ಕಾರಿನ ಬಾಗಿಲು ತೆರೆದಿಟ್ಟು ಹಾಡು ಹಾಕುವ ಗುಂಪುಗಳು ಹಕ್ಕಿಗಳನ್ನಂತೂ ಓಡಿಸುತ್ತವೆ, ನಡೆಯಲು ಬಂದವರನ್ನೂ ಓಡಿಸುತ್ತವೆ. ಯಾವ ಹಾದಿ ಎಷ್ಟು ಉದ್ದ, ಎಷ್ಟು ಏರು, ಎಲ್ಲಿಯವರೆಗೆ ಹೋಗಬಹುದು, ದಾರಿಯಲ್ಲಿ ಸಿಗುವ ಮರಗಳ ಹೆಸರೇನು ಎಂಬುದನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಹೇಳುವ ಕೈಪಿಡಿಯೊಂದು ನಡಿಗೆಗೆ ಬರುವವರ ಕೈಗೆ ಸಿಕ್ಕಿದ್ದರೆ ಈ ತಾಣದ ಬೆಲೆ ಇಮ್ಮಡಿಯಾಗುತ್ತಿತ್ತು. ಜಾಲಾರಿಯ ಕಾಡಿನೊಳಗೆ ನಿಂತೇ ಜಾಲಾರಿ ಯಾವುದೆಂದು ಕೇಳುವವರು ಹಲವರು. ಕುಡಿಯುವ ನೀರನ್ನು ಮನೆಯಿಂದಲೇ ತರುವುದು ಕ್ಷೇಮ. ಒಬ್ಬರಿಗೆ ಎರಡು ಲೀಟರ್ ಹೆಚ್ಚೇನೂ ಅಲ್ಲ. ಸ್ಟೀಲಿನ ಬಾಟಲಿಯಾದರೆ ಇನ್ನೂ ಒಳ್ಳೆಯದು, ಅದನ್ನು ಎಸೆದು ಬರುವ ಮನಸ್ಸು ಯಾರಿಗೂ ಆಗದು.

ಕಾಲದ ವಿಚಾರದಲ್ಲಿ ನನ್ನ ಆಯ್ಕೆ ಹೀಗಿದೆ. ಜುಲೈಯಿಂದ ನವೆಂಬರಿನವರೆಗೆ ಕಾಡು ಹಸುರಾಗಿರುತ್ತದೆ. ಈ ಸೀಮೆಗೆ ಸೆಪ್ಟೆಂಬರು, ಅಕ್ಟೋಬರುಗಳಲ್ಲಿ ಮಳೆ ಹೆಚ್ಚಾದ್ದರಿಂದ ಆಗ ಮೆಟ್ಟಿಲ ಹಾದಿಗಿಂತ ಚಿಲುಮೆಯ ಸುತ್ತಲಿನ ನಡಿಗೆ ಮೇಲು. ಡಿಸೆಂಬರು, ಜನವರಿಗಳಲ್ಲಿ ಬೆಳಗಿನ ಮಂಜು, ವಲಸೆ ಹಕ್ಕಿಗಳು, ಹಿತವಾದ ಬಿಸಿಲು ಮೂರೂ ಕೂಡಿ ಬರುತ್ತವೆ. ಮೊದಲ ಬಾರಿ ಬರುವವರಿಗೆ ಇದೇ ಸರಿಯಾದ ಕಾಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಡು ಬೋಳು, ಆದರೆ ಜಾಲಾರಿ ಹೂವಿನಲ್ಲಿರುತ್ತದೆ. ಇದು ಕಾಳ್ಗಿಚ್ಚಿನ ಕಾಲವೂ ಹೌದು. ಬೀಡಿ ಸಿಗರೇಟಿನ ಒಂದು ಕಿಡಿ ಒಣಹುಲ್ಲಿಗೆ ಸಾಕಾದ್ದರಿಂದ ಬೆಂಕಿಪೊಟ್ಟಣವನ್ನು ಕಾರಿನಲ್ಲಿಯೇ ಬಿಡಬೇಕು. ಏಪ್ರಿಲ್ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಬರದಿರುವುದೇ ಒಳಿತು.

ಐದಕ್ಕೆ ಅಂಕ ಕೊಡಬೇಕೆಂದರೆ ನಾಮದ ಚಿಲುಮೆ ಹಾಗೂ ಕಾಡಿನ ರಸ್ತೆಗೆ ನಾಲ್ಕೂವರೆ, ಮೆಟ್ಟಿಲ ಹಾದಿಗೆ ಮೂರೂವರೆ, ಭಾನುವಾರದ ಮಧ್ಯಾಹ್ನಕ್ಕೆ ಎರಡು ಕೊಡುತ್ತೇನೆ. ಮರ, ಹಕ್ಕಿ, ಕಲ್ಲು, ನೀರುಗಳಲ್ಲಿ ಒಂದರ ಬಗ್ಗೆಯಾದರೂ ಕುತೂಹಲವಿರುವವರು, ಶಾಲೆಯ ಮಕ್ಕಳನ್ನು ಚಿಕ್ಕ ಗುಂಪಿನಲ್ಲಿ ಕರೆತರುವ ಮೇಷ್ಟರು, ಮೂರು ತಲೆಮಾರು ಒಟ್ಟಿಗೆ ಹೊರಡುವ ಕುಟುಂಬಗಳು ಧಾರಾಳವಾಗಿ ಬರಬಹುದು. ಒಂದೇ ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆದು ದಣಿಯಬೇಕೆನ್ನುವವರಿಗೆ ಇದು ತಕ್ಕ ಜಾಗವಲ್ಲ. ಜಾಲಾರಿಯ ಹೂವಿಗಾಗಿಯೇ ಬರುವವರು ಒಂದು ವಿಷಯ ಗಮನಿಸಬೇಕು: ನರಸಿಂಹಸ್ವಾಮಿಯ ರಥೋತ್ಸವ ನಡೆಯುವುದೂ ಅದೇ ಕಾಲದಲ್ಲಿ, ಫಾಲ್ಗುಣ ಮಾಸದಲ್ಲಿ. ತೇರಿನ ದಿನಗಳಲ್ಲಿ ಬೆಟ್ಟದ ರಸ್ತೆಗಳೆಲ್ಲ ಜನರಿಂದ, ವಾಹನಗಳಿಂದ ತುಂಬಿರುವುದರಿಂದ ಪಂಚಾಂಗ ನೋಡಿಕೊಂಡು ಅದಕ್ಕೆ ಒಂದು ವಾರ ಮೊದಲು, ವಾರದ ನಡುವಿನ ದಿನವೊಂದರಲ್ಲಿ ಬನ್ನಿ. ತೇರು ನೋಡಲೇಬೇಕೆಂದರೆ ನಡಿಗೆಯನ್ನು ಬೇರೆ ದಿನಕ್ಕೆ ಇಟ್ಟುಕೊಂಡು, ಅಂದು ಬಸ್ಸಿನಲ್ಲಿಯೇ ಬರುವುದು ಒಳ್ಳೆಯದು.